ಬೊಂಬೆಗೆ ವೇಲ್ ಇದೆ, ನನಗಿಲ್ಲ

ಈ ಮೊದಲ ಶಾಟ್ ತುಂಬಾ ಅಲ್ಲಾಡಿದೆ, ಬೈಬೇಡಿ. ಒಂದು ಕೈಯಲ್ಲಿ ಅಮ್ಮನ ಬ್ಯಾಗು, ಇನ್ನೊಂದು ಕೈಯಲ್ಲಿ ಫೋನು. ಸಂಪಿಗೆ ರಸ್ತೆ ಮೆಟ್ರೋದಲ್ಲಿ ಇಳಿದು ಮಲ್ಲೇಶ್ವರಂ ಎಂಟನೇ ಕ್ರಾಸ್ ಕಡೆ ನಡೆಯುತ್ತಿದ್ದೇವೆ. ಅಮ್ಮನಿಗೆ ವಿಡಿಯೋದಲ್ಲಿ ಬರೋದು ಇಷ್ಟ ಇಲ್ಲವಂತೆ. ಆದರೆ ಬೆಳಿಗ್ಗೆಯಿಂದ ಎರಡು ಸಲ ತಲೆ ಬಾಚಿಕೊಂಡಿದ್ದಾಳೆ, ನಾನು ನೋಡಿದ್ದೇನೆ.

ಭಾನುವಾರ ದೊಡ್ಡಪ್ಪನ ಮಗಳ ಎಂಗೇಜ್‌ಮೆಂಟ್. ನನಗೊಂದು ಚೂಡಿದಾರ್ ಬೇಕು, ವೇಲ್ ಸಮೇತ. ಹೌದು, ವೇಲ್ ಸಮೇತ. ಹೋದ ವರ್ಷ ಇದೇ ಬಾಯಲ್ಲಿ "ಇನ್ನು ಜನ್ಮದಲ್ಲಿ ವೇಲ್ ಮುಟ್ಟೋದಿಲ್ಲ" ಅಂದಿದ್ದೆ, ಗೊತ್ತು. ಹಿಂದಿಯವರು ದುಪಟ್ಟಾ ಅನ್ನಲಿ, ಪಂಜಾಬಿನವರು ಚುನ್ನಿ ಅನ್ನಲಿ, ನಮಗೆ ಅದು ವೇಲೇ. ಆ ಪದ ಕೇಳಿದರೆ ನನಗೆ ಈಗಲೂ ಸೇಫ್ಟಿ ಪಿನ್ ಚುಚ್ಚಿದ ಹಾಗಾಗುತ್ತದೆ. ಪಿಯುಸಿಯಲ್ಲಿ ಯೂನಿಫಾರ್ಮ್ ವೇಲನ್ನು ನೀಟಾಗಿ ಮಡಿಕೆ ಹಾಕಿ, ವಿ ಆಕಾರದಲ್ಲಿ ಎರಡೂ ಭುಜಕ್ಕೆ ಪಿನ್ ಮಾಡಬೇಕಿತ್ತು. ಒಂದು ಕಡೆ ಜಾರಿದರೆ ಮೇಡಂ ಕಣ್ಣಲ್ಲೇ ತೋರಿಸುತ್ತಿದ್ದರು. ಪಾಠದಲ್ಲಿ ಏನಿತ್ತೋ ಮರೆತುಹೋಗಿದೆ, ಆ ಕಣ್ಣು ಮರೆತಿಲ್ಲ. ಈಗ ಎಷ್ಟೋ ಕಡೆ ಯೂನಿಫಾರ್ಮ್‌ಗೆ ವೇಲ್ ತೆಗೆದು ವೇಸ್ಟ್‌ಕೋಟ್ ಕೊಟ್ಟಿದ್ದಾರೆ. ಒಳ್ಳೇದಾಯಿತು. ಆದರೆ ಸೆಕೆಯಲ್ಲಿ ಕೋಟು ಅನ್ನೋದು... ಇರಲಿ, ಅಂಗಡಿ ಬಂತು.

ಅಂಗಡಿ ಹೆಸರು ಹೇಳೋದಿಲ್ಲ. ಬೋರ್ಡು ಕಂಡ ಜಾಗ ಎಲ್ಲ ಕತ್ತರಿಸಿದ್ದೇನೆ, ಅದಕ್ಕೇ ಇಲ್ಲಿ ಸುಮ್ನೆ ನನ್ನ ಚಪ್ಪಲಿ ಕಾಣುತ್ತಿದೆ.

ಈಗ ಈ ಬೊಂಬೆ ನೋಡಿ. ಚೆನ್ನಾಗಿ ನೋಡಿ. ಮಾವಿನ ಹಣ್ಣಿನ ಬಣ್ಣದ ಕುರ್ತಾ, ಅದೇ ಬಣ್ಣದ ಪ್ಯಾಂಟು, ಭುಜದ ಮೇಲೆ ಅಂಚಿಗೆ ಲೇಸ್ ಇರುವ ವೇಲು. ಕೆಳಗೆ ಚೀಟಿ, 2,350 ರೂಪಾಯಿ. ಯಾವ ಮನುಷ್ಯರಾದರೂ ಏನಂದುಕೊಳ್ಳುತ್ತಾರೆ? ಮೂರೂ ಸೇರಿ ಅಂತ ತಾನೇ? ನಾನೂ ಹಾಗೇ ಅಂದುಕೊಂಡೆ. ಹಾಕಿ ನೋಡಿ, ಅಮ್ಮನಿಗೆ ತೋರಿಸಿ, ಬಿಲ್ ಮಾಡಿಸೋಕೆ ಹೋದರೆ ಕವರ್ ಒಳಗೆ ಎರಡೇ ಬಟ್ಟೆ. ವೇಲ್ ಎಲ್ಲಿ ಅಂದೆ. "ವೇಲ್ ಸೆಪರೇಟು ಮೇಡಂ, 1,290." ಬೊಂಬೆ ಹಾಕಿಕೊಂಡಿದೆ ಅಲ್ವಾ ಅಂದೆ. "ಅದು ಡಿಸ್‌ಪ್ಲೇಗೆ ಮೇಡಂ."

ನನಗೆ ಸಿಟ್ಟು ಬಂದಿದ್ದು ಬೆಲೆಗಲ್ಲ. ಸರಿ, ಬೆಲೆಗೂ ಬಂತು. ಆದರೆ ಅವನು ಕೊಟ್ಟ ಕಾರಣ ಕೇಳಿ. "ಈಗ ಯಾರೂ ವೇಲ್ ಹಾಕೋದಿಲ್ಲ ಮೇಡಂ, ಅದಕ್ಕೇ ಸೆಟ್‌ನಲ್ಲಿ ಬರೋದಿಲ್ಲ." ಯಾರೂ ಹಾಕದ ವಸ್ತುವಿಗೆ 1,290 ಯಾಕೆ ಸ್ವಾಮಿ? ಯಾರೂ ತಿನ್ನದ ತಿಂಡಿಗೆ ಹೋಟೆಲಿನವನು ಜಾಸ್ತಿ ರೇಟು ಹಾಕುತ್ತಾನಾ? ನಾನು ಪಿಯುಸಿಯಲ್ಲಿ ಇದ್ದಾಗ ಡ್ರೆಸ್ ಮೆಟೀರಿಯಲ್ ಅಂದರೆ ಟಾಪು, ಬಾಟಮ್ಮು, ಎರಡೂಕಾಲು ಮೀಟರ್ ವೇಲು, ಮೂರೂ ಒಂದೇ ಕವರಿನಲ್ಲಿ ಇರುತ್ತಿದ್ದವು. ಬೇಡ ಅಂದರೂ ಬರುತ್ತಿತ್ತು. ಬೇಡ ಅಂದರೂ ಹಾಕಬೇಕಿತ್ತು. ಕಡ್ಡಾಯ ಇದ್ದಾಗ ಬಿಟ್ಟಿ. ಈಗ ನಾನೇ ಆಸೆಪಟ್ಟು ಕೇಳಿದರೆ ಕುರ್ತಾದ ಅರ್ಧ ದುಡ್ಡಿಗಿಂತ ಜಾಸ್ತಿ!

ಅಮ್ಮ ಹಿಂದೆ ನಿಂತು ನನ್ನ ಮೊಣಕೈ ತಿವಿಯುತ್ತಿದ್ದಳು. ನಮ್ಮಮ್ಮ ಬಾಗಲಕೋಟೆಯವಳು, ಸಿಟ್ಟು ಬಂದರೆ ಮಾತ್ರ ಭಾಷೆ ಊರಿಗೆ ಹೋಗುತ್ತದೆ. "ಏನ್ ಅರಬಿಗೆ ಬಂಗಾರ ಹಚ್ಚ್ಯಾರೇನು? ಐನೂರಕ್ಕ ಕೊಡ್ತಾನೇನ ಕೇಳ." ಅರಬಿ ಅಂದರೆ ಬಟ್ಟೆ. ಫಿಕ್ಸೆಡ್ ಪ್ರೈಸ್ ಅಂದ. ಕುರ್ತಾ, ಪ್ಯಾಂಟು ತಗೊಂಡು ಹೊರಗೆ ಬಂದೆವು. ಎರಡನ್ನೂ ಬಿಟ್ಟು ಬರಬೇಕಿತ್ತು, ಆದರೆ ಬಣ್ಣ ನನಗೆ ಒಪ್ಪಿತ್ತು. ಮರ್ಯಾದೆ ಒಂದು ಕಡೆ, ಬಣ್ಣ ಒಂದು ಕಡೆ.

ಇದು ಕಾಫಿ ಕುಡಿಯೋ ಶಾಟ್, ಇಲ್ಲಿ ಏನೂ ಆಗೋದಿಲ್ಲ. ಹಾಗಾಗಿ ಸೆರಗಿನ ಕಥೆ ಹೇಳುತ್ತೇನೆ.

ಅಜ್ಜಿ ಕೊನೇವರೆಗೂ ಇಳಕಲ್ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. ಇಳಕಲ್ ಸೀರೆಯಲ್ಲಿ ಮೈಯ ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಅಷ್ಟು ಕಷ್ಟಪಟ್ಟು ಜೋಡಿಸಿದ ಆ ಕೆಂಪು ಸೆರಗು ಅಜ್ಜಿಯ ಬೆನ್ನ ಮೇಲೆ ಇದ್ದದ್ದನ್ನು ನಾನು ನೋಡಿಯೇ ಇಲ್ಲ. ಅದರ ಜಾಗ ತಲೆ. ರೊಟ್ಟಿ ಬಡಿಯುವಾಗಲೂ ತಲೆ ಮೇಲೆ. ಅಮ್ಮ ಬೆಂಗಳೂರಿಗೆ ಬಂದ ಮೇಲೆ ಸೆರಗು ಹೊದೆಯೋದು ಬಿಟ್ಟಳು. ಪೂರ್ತಿ ಅಲ್ಲ. ರಜೆಗೆ ಊರಿಗೆ ಹೋಗುವಾಗ ರಾತ್ರಿ ರೈಲು. ಬೆಳಿಗ್ಗೆ ಗದಗ ಬಂತು ಅಂದರೆ ಅಮ್ಮ ಎದ್ದು ಕೂತು ಬಾಯಿ ತೊಳೆದು ಸೆರಗು ತಲೆ ಮೇಲೆ ಎಳೆದುಕೊಳ್ಳುತ್ತಿದ್ದಳು. ವಾಪಸ್ ಬರುವಾಗ ಗದಗದಲ್ಲೇ ಇಳಿಯುತ್ತಿತ್ತು. ನನಗೆ ಚಿಕ್ಕವಳಿದ್ದಾಗ ಗದಗ ಅಂದರೆ ಅದೇನೋ ಗಡಿ ಅನ್ನಿಸುತ್ತಿತ್ತು. ಯಾಕಮ್ಮ ಗದಗ ಅಂತ ಇವತ್ತು ಕೇಳಿದೆ. "ಅಲ್ಲಿಂದ ಮುಂದ ನಮ್ಮ ಮಂದಿ ಹತ್ತತಾರ" ಅಂದಳು. ಅಷ್ಟೇ. ಕಾಫಿ ಮುಗಿಯಿತು.

ಮ್ಯಾಚಿಂಗ್ ಸೆಂಟರ್. ಅಮ್ಮನ ಐಡಿಯಾ, ಬಿಳಿ ಬಟ್ಟೆ ತಗೊಂಡು ಡೈ ಮಾಡಿಸೋದು. ಮೊದಲು ಅಗ್ಗದ್ದು ಅಂತ ಪಾಲಿಯೆಸ್ಟರ್ ಆರಿಸಿದೆ. ಅಂಗಡಿಯಾತ ಒಳ್ಳೆಯವರು, ಇದು ಬಣ್ಣ ಹಿಡಿಯೋದಿಲ್ಲ, ವಿಸ್ಕೋಸ್ ಜಾರ್ಜೆಟ್ ತಗೊಳ್ಳಿ ಅಂದರು. ಮೀಟರಿಗೆ 180, ಎರಡೂವರೆ ಮೀಟರಿಗೆ 450. ಡೈ 150. ಅಂಚು ಹೊಲಿಯೋ ಪಿಕೋ 60. ಸುತ್ತ ಲೇಸ್ ಬೇಕಲ್ಲ, ಮೀಟರಿಗೆ 35ರ ಹಾಗೆ ಏಳು ಮೀಟರ್ ಚಿಲ್ಲರೆ, 252. ಒಟ್ಟು 912. ಉಳಿದದ್ದು 378 ರೂಪಾಯಿ. ಎರಡು ಮಸಾಲೆ ದೋಸೆ, ಎರಡು ಕಾಫಿ, ಡೈ ಆದಮೇಲೆ ತರೋಕೆ ಇನ್ನೊಂದು ಸಲ ಬಂದ ಖರ್ಚು. ಲೆಕ್ಕ ನೀವೇ ಹಾಕಿ, ನನಗೆ ಬೇಜಾರು.

ಇಲ್ಲಿ ಒಬ್ಬ ಹುಡುಗಿ ಸಿಕ್ಕಿದಳು, ಅವಳಿಗೆ ಇಷ್ಟ ಇಲ್ಲ ಅಂತ ಶೂಟ್ ಮಾಡಿಲ್ಲ. ಹಿಜಾಬ್ ಹಾಕಿದ್ದಳು, ಕಾಲೇಜು ಹುಡುಗಿ. ನಾನು ಪಿನ್ ಕೇಳುತ್ತಿದ್ದೆ. ಅಕ್ಕಾ, ಜಾರ್ಜೆಟ್‌ಗೆ ಸೇಫ್ಟಿ ಪಿನ್ ಹಾಕಿದರೆ ಎಳೆ ಕಿತ್ತುಬರುತ್ತೆ, ಮ್ಯಾಗ್ನೆಟ್ ತಗೊಳ್ಳಿ ಅಂದಳು. ಎರಡು ಪುಟ್ಟ ಬಿಲ್ಲೆ, ಬಟ್ಟೆಯ ಒಳಗೊಂದು ಹೊರಗೊಂದು, ಟಕ್ ಅಂತ ಹಿಡಿಯುತ್ತವೆ. ಇಷ್ಟು ವರ್ಷ ಭುಜ ಚುಚ್ಚಿಕೊಂಡ ನನಗೆ ಇದನ್ನು ಯಾರೂ ಹೇಳಿರಲಿಲ್ಲ! ಆಮೇಲೆ ಅವಳನ್ನೇ ನೆನೆಸಿಕೊಳ್ಳುತ್ತಿದ್ದೆ. 2022ರಲ್ಲಿ ಉಡುಪಿಯಿಂದ ಶುರುವಾದ, ತರಗತಿಯಲ್ಲಿ ಹಿಜಾಬ್ ಬೇಡ ಅನ್ನೋ ಗಲಾಟೆ ನಿಮಗೆಲ್ಲ ಗೊತ್ತೇ ಇದೆ. ಮಾರ್ಚ್ 15ಕ್ಕೆ ನಮ್ಮ ಹೈಕೋರ್ಟ್ ನಿರ್ಬಂಧ ಸರಿ ಅಂದಿತು. ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಿಗೆ ತೀರ್ಪು ಕೊಟ್ಟರು. ನಾನು ಆಗ ಈ ಬಗ್ಗೆ ಬಾಯಿ ಬಿಟ್ಟಿರಲಿಲ್ಲ, ಸುಮ್ನೆ ಯಾಕೆ ರಗಳೆ ಅಂತ. ಈಗ ಹೇಳುತ್ತೇನೆ. ಗೇಟಿನ ಹೊರಗೆ ಪುಸ್ತಕ ಹಿಡಿದು ನಿಂತ ಹುಡುಗಿಯರನ್ನು ನೋಡಿದಾಗ ನನಗೆ ತಪ್ಪು ಅನ್ನಿಸಿತ್ತು. ನನಗೆ ಹಾಕು ಅಂದ ಕಣ್ಣೇ ಅವರಿಗೆ ತೆಗಿ ಅನ್ನುತ್ತಿತ್ತು. ಬೈಯೋರು ಬೈಯಿರಿ. ಮುಂದಿನ ಶಾಟ್.

ಡೈ ಆಗಿ ಬಂತು. ಕೇಳಿದ್ದು ಮಾವಿನ ಹಣ್ಣು, ಬಂದದ್ದು ಕುಂಬಳಕಾಯಿ. ಟ್ಯೂಬ್‌ಲೈಟಿನಲ್ಲಿ ಗೊತ್ತಾಗೋದಿಲ್ಲ ಅಂತ ಅಮ್ಮ ಸಮಾಧಾನ ಹೇಳುತ್ತಿದ್ದಾಳೆ.

ಇಸ್ತ್ರಿ ಹಾಕುವಾಗ ಕೈಗೆ ಕೆಲಸ, ಬಾಯಿಗೆ ಬಿಡುವು. ಪಾಕಿಸ್ತಾನದಲ್ಲಿ ಸೇನೆಯ ಜನರಲ್ ಜಿಯಾ ಉಲ್ ಹಕ್ ಆಳುತ್ತಿದ್ದ ಕಾಲದಲ್ಲಿ ಟಿವಿಯಲ್ಲಿ ಬರುವ ಹೆಂಗಸರು ತಲೆ ಮೇಲೆ ದುಪಟ್ಟಾ ಹೊದೆಯಲೇಬೇಕು ಅಂತ ಆದೇಶ ಆಗಿತ್ತು. ಮೆಹ್ತಾಬ್ ಚನ್ನಾ ಅಂತ ನಿರೂಪಕಿ, ಒಪ್ಪಲಿಲ್ಲ. ಕಾರ್ಯಕ್ರಮವೇ ಹೋಯಿತು. ಅದೇ ದೇಶಕ್ಕೆ 1988ರಲ್ಲಿ ಬೆನಜೀರ್ ಭುಟ್ಟೋ ಪ್ರಧಾನಿ ಆದರು, ತಲೆ ಮೇಲೆ ಬಿಳಿ ದುಪಟ್ಟಾ. ಹಳೇ ವಿಡಿಯೋ ನೋಡಿ, ಮಾತಿನ ಮಧ್ಯೆ ಅದು ಹಿಂದಕ್ಕೆ ಜಾರುತ್ತದೆ, ಅವರು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ನೋಡೋದೇ ಬೇಡ, ಕೈ ತಾನೇ ಹೋಗುತ್ತದೆ. ಗದಗದಲ್ಲಿ ಅಮ್ಮನ ಕೈ ಹೋಗುತ್ತಿತ್ತಲ್ಲ, ಹಾಗೇ. ಅಯ್ಯೋ, ಲೇಸ್ ಸುಟ್ಟಿತು ಅಂದುಕೊಂಡೆ. ಇಲ್ಲ, ಸ್ವಲ್ಪ ಮುದುರಿದೆ ಅಷ್ಟೇ.

ಭಾನುವಾರ. ಸ್ಕೂಟರ್ ಶಾಟ್. ಹಿಂದೆ ಅಮ್ಮ ಕೂತಿದ್ದಾಳೆ. ಎರಡು ಸಿಗ್ನಲ್ ದಾಟೋದರೊಳಗೆ ಮೂರು ಜನ "ಮೇಡಂ, ವೇಲು! ವೇಲು!" ಅಂತ ಕೂಗಿದರು. ಬೆಂಗಳೂರಿನಲ್ಲಿ ಅಪರಿಚಿತರು ಅಕ್ಕರೆಯಿಂದ ಕೂಗೋದು ಎರಡೇ ಮಾತು, ಒಂದು ಸೈಡ್ ಸ್ಟ್ಯಾಂಡು, ಇನ್ನೊಂದು ವೇಲು. ಚಕ್ರಕ್ಕೆ ಸಿಕ್ಕಿ ಕುತ್ತಿಗೆಗೆ ಬಿಗಿದ ಕಥೆ ಎಲ್ಲರಿಗೂ ಒಂದೊಂದು ಗೊತ್ತಿರುತ್ತದೆ, ತಮಾಷೆ ಅಲ್ಲ. ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳಬಾರದು ಅಂತ ಹಿಂದಿನ ಚಕ್ರ ಕನಿಷ್ಠ ಅರ್ಧ ಮುಚ್ಚಿರಬೇಕು ಅಂತ 1989ರ ಮೋಟಾರು ವಾಹನ ನಿಯಮಗಳಲ್ಲೇ ಇದೆ, 123ನೇ ನಿಯಮ. ನಮ್ಮ ತಮ್ಮ ಬೈಕ್ ತಂದ ವಾರಕ್ಕೇ ಸೀರೆ ಗಾರ್ಡ್ ಬಿಚ್ಚಿಸಿದ, ಲುಕ್ ಹಾಳಾಗುತ್ತಂತೆ. ಅವನ ಲುಕ್ಕು! ಗಾಡಿ ನಿಲ್ಲಿಸಿ ವೇಲ್ ಬಿಚ್ಚಿ ಡಿಕ್ಕಿಯಲ್ಲಿ ಇಟ್ಟೆ. 912 ರೂಪಾಯಿ ಡಿಕ್ಕಿಯಲ್ಲಿ ಮಲಗಿತು. ಹಾಗಾಗಿ ಹಾಲ್ ತಲುಪುವಾಗ ನಾನು ವೇಲ್ ಇಲ್ಲದ ಹುಡುಗಿಯೇ.

ಹಾಲ್ ಒಳಗೆ ಬಂದೆವು. ಊರಿನವರೆಲ್ಲ ಬಂದಿದ್ದಾರೆ. ಹುಡುಗಿಯರು ಹೆಚ್ಚಿನವರು ವೇಲ್ ಹಾಕಿಲ್ಲ, ಹಾಕಿದವರು ಒಂದೇ ಭುಜಕ್ಕೆ ನೇತುಹಾಕಿಕೊಂಡಿದ್ದಾರೆ. ನಾನು ಮ್ಯಾಗ್ನೆಟ್ ಹಾಕಿ ಸರಿಯಾಗಿ ಹೊದ್ದುಕೊಂಡೆ. ಚಂದ ಕಾಣಿಸುತ್ತಿದೆ, ಸುಳ್ಳು ಯಾಕೆ ಹೇಳಲಿ. ದೊಡ್ಡಮ್ಮ ತಲೆ ಮೇಲೆ ಸೆರಗು ಹೊದ್ದು ಬಂದವರು, ನನ್ನ ಗಲ್ಲ ಹಿಡಿದು "ಈಗ ಹುಡುಗಿ ಹಂಗ ಕಾಣಸ್ತಿ ನೋಡು" ಅಂದರು. ಆ ಕ್ಷಣಕ್ಕೆ ಕಿತ್ತು ಬಿಸಾಡೋಣ ಅನ್ನಿಸಿತು. ಅಷ್ಟರಲ್ಲಿ ಊಟಕ್ಕೆ ಕರೆದರು.

ಕೊನೇ ಶಾಟ್ ಇದು. ಎಸಿ ವಿಪರೀತ. ನನ್ನ ಭುಜದ ಮೇಲೆ ವೇಲ್ ಇಲ್ಲ, ಯಾಕೆ ಅಂದರೆ ಮೂಲೆಯಲ್ಲಿ ನೋಡಿ, ಎಡಗಡೆ, ಮೂರನೇ ಕುರ್ಚಿ. ಅಮ್ಮ. ಕುಂಬಳಕಾಯಿ ಬಣ್ಣದ್ದನ್ನು ತಲೆಗೂ ಕಿವಿಗೂ ಸೇರಿಸಿ ಸುತ್ತಿಕೊಂಡು, ಗಲ್ಲದ ಕೆಳಗೆ ನನ್ನ ಮ್ಯಾಗ್ನೆಟ್ ಹಾಕಿಕೊಂಡು ಕೂತಿದ್ದಾಳೆ. ಗದಗ ಬಂತಾ ಅಮ್ಮಾ ಅಂದೆ. "ಸುಮ್ನಿರು, ಥಂಡಿ ಐತಿ" ಅಂದಳು. ಚಾರ್ಜು ಎರಡು ಪರ್ಸೆಂಟ್ ಇದೆ, ಇಡುತ್ತೇನೆ.