ಸರ್, ಇವತ್ತು ಆಗ್ತಿಲ್ಲ

ಎಲ್ಲರಿಗೂ ನಮಸ್ಕಾರ. ದಾವಣಗೆರೆ, ಚಿತ್ರದುರ್ಗ ಸೀಮೆಯಲ್ಲಿ ಮಕ್ಕಳಿಗೆ ಆಟ ಕಲಿಸುವ ಕೋಚ್‌ಗಳು, ಪಿಟಿ ಮೇಷ್ಟ್ರುಗಳು, ಗರಡಿ ಮನೆಯ ಉಸ್ತಾದರು ಈಗ ರೇಡಿಯೋ ಹತ್ತಿರ ಇದ್ದರೆ ನಿಮ್ಮನ್ನು ಒಂದು ಮಾತು ಕೇಳಬೇಕು. ನಿಮ್ಮ ಹುಡುಗನೋ ಹುಡುಗಿಯೋ ‘ಸರ್, ಇವತ್ತು ಆಗ್ತಿಲ್ಲ’ ಅಂತ ಹೆದರದೆ ಹೇಳಬಹುದಾ? ಹೇಳಿದರೆ ಇನ್ನೆರಡು ರೌಂಡ್ ಓಡು ಅಂತೀರಾ, ಇಲ್ಲ ಪಕ್ಕದಲ್ಲಿ ಕೂರಿಸಿಕೊಂಡು ಏನಾಯ್ತು ಅಂತ ವಿಚಾರಿಸುತ್ತೀರಾ?

ಕುಸ್ತಿಯನ್ನೇ ನೋಡಿ. ದಾವಣಗೆರೆಯವರಿಗೆ ಕುಸ್ತಿ ಅಂದರೆ ಪ್ರಾಣ. ಕಡಿಮೆ ತೂಕದ ವಿಭಾಗದಲ್ಲಿ ಆಡಬೇಕು ಅಂತ ತೂಕ ನೋಡುವ ಹಿಂದಿನ ದಿನ ಹುಡುಗ ಊಟ ಬಿಡುತ್ತಾನೆ, ನೀರೂ ಬಿಡುತ್ತಾನೆ, ಏಪ್ರಿಲ್ ಬಿಸಿಲಲ್ಲಿ ಸ್ವೆಟರ್ ಮೇಲೆ ಜರ್ಕಿನ್ ಏರಿಸಿ ಓಡುತ್ತಾನೆ, ಬಾಯಲ್ಲಿರುವ ಎಂಜಲನ್ನೂ ಉಗಿದು ಉಗಿದು ಒಣಗಿಸುತ್ತಾನೆ. ಇಳಿಯೋದು ಕೊಬ್ಬಲ್ಲ, ಮೈಯಲ್ಲಿರೋ ನೀರು. ಎದೆ ಡವಡವ ಅನ್ನುತ್ತೆ, ಕಿಡ್ನಿಗೆ ಏಟು ಬೀಳುತ್ತೆ. 1997ರಲ್ಲಿ ಅಮೆರಿಕದಲ್ಲಿ ಕಾಲೇಜು ಓದುತ್ತಿದ್ದ ಮೂವರು ಪೈಲ್ವಾನರು ಹೀಗೆ ತೂಕ ಇಳಿಸಲು ಹೋಗಿ ಜೀವ ಬಿಟ್ಟರು. ಆಮೇಲೆ ಅಲ್ಲಿ ಬೆವರು ಹರಿಸುವ ರಬ್ಬರ್ ಅಂಗಿಗಳನ್ನೇ ನಿಷೇಧ ಮಾಡಿದರು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಕುಸ್ತಿಪಟು ವಿನೇಶ್ ಫೋಗಟ್ 50 ಕೆಜಿ ಫೈನಲ್ ದಿನ 100 ಗ್ರಾಂ ಜಾಸ್ತಿ ತೂಗಿ ಆಟದಿಂದಲೇ ಹೊರಬಿದ್ದದ್ದು ನಮಗೆಲ್ಲ ಗೊತ್ತು. ಅವರ ಜೊತೆ ಡಾಕ್ಟರು, ಕೋಚು ಎಲ್ಲ ಇದ್ದರು. ನಮ್ಮ ಹದಿನಾಲ್ಕು ವರ್ಷದ ಹುಡುಗನ ಜೊತೆ ಯಾರಿದ್ದಾರೆ? ಬೆಳೆಯುವ ಮಗುವನ್ನು ಮೇಲಿನ ತೂಕದಲ್ಲೇ ಆಡಿಸಿ. ಒಂದು ಪದಕ ಹೋದರೆ ಹೋಗಲಿ ಬಿಡಿ.

ಹುಡುಗಿಯರ ಕಷ್ಟ ಬೇರೆ. ಎಷ್ಟೋ ಮೈದಾನಗಳಲ್ಲಿ ಶೌಚಾಲಯಕ್ಕೆ ಬೀಗ. ಅದಕ್ಕೇ ಅವರು ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ, ಆಮೇಲೆ ತಲೆ ಸುತ್ತಿ ಬಿದ್ದರೆ ‘ಸ್ಟ್ಯಾಮಿನಾ ಇಲ್ಲ’ ಅಂತೀವಿ. ಮುಟ್ಟಿನ ದಿನ ಕೋಚ್ ಗಂಡಸಾಗಿದ್ದರೆ ಬಾಯಿ ಬಿಡೋದೇ ಇಲ್ಲ. ಒಬ್ಬ ಟೀಚರ್ ಅಥವಾ ಹಿರಿಯ ಅಕ್ಕ ಜೊತೆಗಿದ್ದರೆ ಸಾಕು, ಅರ್ಧ ತೊಂದರೆ ಅಲ್ಲೇ ಮುಗಿಯುತ್ತೆ. ಜಗಳೂರು, ಚಳ್ಳಕೆರೆ ಕಡೆ ಹಳ್ಳಿಯಿಂದ ಬರುವವಳಿಗೆ ಊರಿನ ಕೊನೇ ಬಸ್ ಎಷ್ಟಕ್ಕೆ ಅಂತ ಕೇಳಿ, ಪ್ರಾಕ್ಟೀಸ್ ಟೈಮ್ ಹೊಂದಿಸಿ.

ಇನ್ನು ತಂಡದ ಮಾತು. ಖೋ ಖೋದಲ್ಲಿ ಎಂಟು ಜನ ಕೂತಿರುತ್ತಾರೆ, ಒಬ್ಬರು ಅಟ್ಟಿಸಿಕೊಂಡು ಹೋಗುತ್ತಾರೆ. ಯಾರಿಗೆ ಖೋ ಕೊಡುತ್ತಿದ್ದಾರೆ ಅಂತ ಒಂದು ದಿನ ಸುಮ್ನೆ ಎಣಿಸಿ ನೋಡಿ. ಗೆಳತಿಯರು ಗೆಳತಿಯರಿಗೇ ಕೊಡುತ್ತಾರೆ. ಹೊಸದಾಗಿ ಸೇರಿದವಳು, ಬೇರೆ ಕೇರಿಯಿಂದ ಬಂದವಳು ಆಟ ಮುಗಿಯೋವರೆಗೂ ಕೂತಲ್ಲೇ ಕೂತಿರುತ್ತಾಳೆ. ಅವಳಾಗಿ ಬಂದು ದೂರು ಹೇಳಲ್ಲ, ನಾಲ್ಕು ದಿನ ನೋಡಿ ಬರೋದನ್ನೇ ನಿಲ್ಲಿಸುತ್ತಾಳೆ. ಅದನ್ನು ಕೋಚೇ ಗಮನಿಸಬೇಕು, ಅಲ್ವಾ?

ಕಿವಿ ಕೇಳದ ಮಗುವೂ ಇದೇ ಆಟ ಆಡಬಹುದು. ನಿಯಮದಲ್ಲೇ ಬೆನ್ನು ಮುಟ್ಟಿ ಖೋ ಅನ್ನಬೇಕು ಅಂತಿದೆ, ಮುಟ್ಟಿದ್ದು ಅವನಿಗೆ ಗೊತ್ತಾಗುತ್ತೆ. ಸೀಟಿ ಊದುವಾಗ ನೀವು ಕೈಯನ್ನೂ ಎತ್ತಿದರೆ ಆಯ್ತು.

ಆಗಲ್ಲ ಅಂದವರು ಹೇಡಿಗಳಲ್ಲ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ, 2021ರಲ್ಲಿ, ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಟೀಮ್ ಫೈನಲ್ ಮಧ್ಯದಲ್ಲೇ ಹಿಂದೆ ಸರಿದರು, ಗಾಳಿಯಲ್ಲಿ ತಿರುಗುವಾಗ ಮೈ ಎಲ್ಲಿದೆ ಅನ್ನೋದೇ ತಿಳಿಯುತ್ತಿಲ್ಲ ಅಂತ. ಜೊತೆಯವರು ಅವರನ್ನು ದೂರಲಿಲ್ಲ, ಆಡಿ ಬೆಳ್ಳಿ ತಂದರು. ಪ್ಯಾರಿಸ್‌ನಲ್ಲಿ ಬೈಲ್ಸ್ ಮೂರು ಚಿನ್ನ ಗೆದ್ದರು.

ಕೊನೆಯದಾಗಿ ತಂದೆ ತಾಯಿಗಳಿಗೆ. ಚೆನ್ನಾಗಿ ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಮೈದಾನಕ್ಕೆ ಹೋಗಲ್ಲ ಅಂತ ಹಟ ಹಿಡಿದರೆ ಗದರಬೇಡಿ, ಯಾಕೆ ಅಂತ ಕೇಳಿ. ಯಾರಾದರೂ ಹೊಡೆದಿರಬಹುದು, ಮುಟ್ಟಬಾರದ ಕಡೆ ಮುಟ್ಟಿರಬಹುದು. ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಬೀಳಲ್ಲ. ಕೋಚ್‌ಗಳೇ, ಆ ನಂಬರನ್ನು ಮೈದಾನದ ಗೋಡೆ ಮೇಲೆ ಮಕ್ಕಳ ಕಣ್ಣಿಗೆ ಬೀಳುವ ಹಾಗೆ ದೊಡ್ಡದಾಗಿ ಬರೆಸಿ. ನಮಸ್ಕಾರ.