ಹಣ್ಣಿಲ್ಲದ ತಿಂಗಳುಗಳು: ಬಾವಲಿಗಳ ಆಹಾರ ಹುಡುಕಾಟ ಮತ್ತು ಋತುಮಾನ

ಸಭಿಕರೇ,

ಹಣ್ಣು ತಿನ್ನುವ ಬಾವಲಿಗಳ ನಡವಳಿಕೆಯನ್ನು ಅರಿಯಲು ಅವುಗಳ ಊಟದಿಂದಲೇ ಆರಂಭಿಸುವುದು ಸೂಕ್ತ. ಮಾಗಿದ ಅತ್ತಿಹಣ್ಣು ಸಿಕ್ಕಾಗ ಬಾವಲಿಯು ಅದನ್ನು ಕಚ್ಚಿ, ನಾಲಿಗೆಯಿಂದ ಅಂಗುಳಿನ ಏಣುಗಳಿಗೆ ಒತ್ತಿ ಹಿಂಡಿ, ರಸವನ್ನೂ ಮೆತ್ತನೆಯ ತಿರುಳನ್ನೂ ನುಂಗಿ, ಉಳಿದ ನಾರನ್ನು ಹಿಪ್ಪೆಯ ಉಂಡೆಯಾಗಿ ಉಗುಳಿಬಿಡುತ್ತದೆ. ನುಂಗಿದ ಆಹಾರ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಕರುಳನ್ನು ದಾಟಿರುತ್ತದೆ. ಹಾರುವ ಪ್ರಾಣಿಗೆ ಮೈಭಾರ ಕಡಿಮೆಯಿರುವುದು ಅನುಕೂಲವೇ ಸರಿ. ಆದರೆ ಹಾರಾಟಕ್ಕೆ ಬೇಕಾದ ಶಕ್ತಿಯನ್ನು ರಾತ್ರಿ ರಾತ್ರಿಯೂ ಹೊಸದಾಗಿ ಗಳಿಸಬೇಕಾಗುತ್ತದೆ. ಆದ್ದರಿಂದ ಆಹಾರ ಎಲ್ಲಿದೆ ಎಂಬುದರಷ್ಟೇ, ಯಾವಾಗ ಇರುತ್ತದೆ ಎಂಬುದೂ ಬಾವಲಿಗೆ ಮುಖ್ಯ.

ಉಷ್ಣವಲಯದ ಕಾಡು ವರ್ಷವಿಡೀ ಹಸಿರಾಗಿ ಕಂಡರೂ ಅಲ್ಲಿ ವರ್ಷವಿಡೀ ಹಣ್ಣು ಸಮನಾಗಿ ಸಿಗುವುದಿಲ್ಲ. ಬಹುತೇಕ ಮರಗಳು ಕೆಲವು ವಾರ ಧಾರಾಳವಾಗಿ ಫಲ ಕೊಟ್ಟು ಬರಿದಾಗುತ್ತವೆ. ಸಮೃದ್ಧಿಯ ಕಾಲದಲ್ಲಿ ಬಾವಲಿ ಹಣ್ಣನ್ನು ಆರಿಸಿ ತಿನ್ನಬಲ್ಲದು. ಕೊರತೆಯ ಕಾಲದಲ್ಲಿ ಮಕರಂದ, ಪರಾಗ, ಎಳೆಯ ಎಲೆಗಳತ್ತ ಹೊರಳುತ್ತದೆ. ಎಲೆಯನ್ನೂ ಅದು ಹಣ್ಣಿನಂತೆಯೇ ಅಗಿದು ರಸ ಹೀರಿ ನಾರನ್ನು ಉಗುಳುತ್ತದೆ. ಹಣ್ಣಿನಲ್ಲಿ ಕಡಿಮೆಯಿರುವ ಪ್ರೋಟೀನು ಎಲೆಯಿಂದ ದೊರೆಯುತ್ತದೆ. ಇಂಥ ದಿನಗಳಲ್ಲಿ ಅತ್ತಿಯ ಕುಲದ ಮರಗಳ ಬೆಲೆ ತಿಳಿಯುತ್ತದೆ. ಒಂದೇ ಜಾತಿಯ ಅಕ್ಕಪಕ್ಕದ ಮರಗಳು ಬೇರೆ ಬೇರೆ ಸಮಯದಲ್ಲಿ ಕಾಯಿ ಬಿಡುವುದರಿಂದ, ಉಳಿದೆಲ್ಲ ಮರಗಳು ಬರಿದಾದ ತಿಂಗಳಲ್ಲೂ ಎಲ್ಲೋ ಒಂದು ಅತ್ತಿ ಮಾಗಿರುತ್ತದೆ. ಆದರೆ ಅದು ಯಾವುದು ಎಂಬುದನ್ನು ಬಾವಲಿಯೇ ಕಂಡುಕೊಳ್ಳಬೇಕು.

ಇಲ್ಲಿ ನೆನಪಿನ ಪಾತ್ರ ದೊಡ್ಡದು. ಇಸ್ರೇಲಿನ ಟೆಲ್ ಅವೀವ್‌ನ ಸಂಶೋಧಕರು ಈಜಿಪ್ಟಿನ ಹಣ್ಣುಬಾವಲಿಗಳಿಗೆ ಜಿಪಿಎಸ್ ಸಾಧನ ಕಟ್ಟಿ ನಡೆಸಿ, 2024ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಬಹಳ ಮಹತ್ವದ್ದೆಂದು ಭಾವಿಸುತ್ತೇನೆ. ಒಂದು ದಿನ ಮಾತ್ರ ಹಿಡಿದಿಟ್ಟು ಬಿಟ್ಟ ಬಾವಲಿಗಳು ಹಿಂದೆ ತಿಂದ ಮರಗಳಿಗೇ ಮರಳಿದವು. ಹೆಚ್ಚು ದಿನ ಹಿಡಿದಿಟ್ಟಾಗ, ಅನುಭವಸ್ಥ ಬಾವಲಿಗಳು ಅಷ್ಟರಲ್ಲಿ ಹಣ್ಣು ಮುಗಿದಿರಬಹುದಾದ ಮರಗಳನ್ನು ಬಿಟ್ಟು ಬೇರೆಡೆಗೆ ಹೋದವು. ಎಳೆಯ ಬಾವಲಿಗಳಲ್ಲಿ ಈ ವಿವೇಚನೆ ಕಾಣಲಿಲ್ಲ. ಅಂದರೆ ಮರದ ಜಾಗದ ಜೊತೆಗೆ ಕಳೆದ ಕಾಲದ ಲೆಕ್ಕವೂ ಅವುಗಳಿಗಿದೆ, ಮತ್ತು ಅದು ಅನುಭವದಿಂದ ಬರುತ್ತದೆ.

ಸುತ್ತಲಿನ ಮರಗಳು ಸಾಲದೆ ಹೋದಾಗ ಕೆಲವು ಜಾತಿಗಳು ನಾಡನ್ನೇ ಬಿಟ್ಟು ಹೊರಡುತ್ತವೆ. ಆಫ್ರಿಕಾದ ಹುಲ್ಲುಬಣ್ಣದ ಹಣ್ಣುಬಾವಲಿಗಳು ಪ್ರತಿ ವರ್ಷ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಜಾಂಬಿಯಾದ ಕಸಾಂಕಾ ರಾಷ್ಟ್ರೀಯ ಉದ್ಯಾನದ ಒಂದು ಸಣ್ಣ ಜೌಗು ಕಾಡಿನಲ್ಲಿ ಲಕ್ಷಗಟ್ಟಲೆ ನೆರೆಯುತ್ತವೆ. ಮೊದಲ ಮಳೆಯ ಆಸುಪಾಸಿನಲ್ಲಿ ಆ ಸೀಮೆಯ ಕಾಡುಹಣ್ಣುಗಳು ಮಾಗುವುದೇ ಈ ಹೊತ್ತಿನಲ್ಲಿ. ಹಣ್ಣು ಮುಗಿಯುತ್ತಲೇ ಅವು ಚದುರುತ್ತವೆ. ಉಪಗ್ರಹದ ಮೂಲಕ ಹಿಂಬಾಲಿಸಿದಾಗ 2000 ಕಿಲೋಮೀಟರಿಗೂ ದೂರ ಸಾಗಿದ ಬಾವಲಿ ಕಂಡುಬಂದಿದೆ.

ಆದರೆ ಕೊರತೆಯ ಋತುವನ್ನು ದಾಟಿಸುವ ಮರಗಳೇ ಇಲ್ಲವಾದರೆ ಏನಾಗುತ್ತದೆ? ಪೂರ್ವ ಆಸ್ಟ್ರೇಲಿಯಾದ ಕಪ್ಪು ಹಾರುನರಿ ಬಾವಲಿಗಳಲ್ಲಿ ಇದರ ಉತ್ತರವಿದೆ. ಚಳಿಗಾಲದಲ್ಲಿ ಹೂಬಿಡುವ ನೀಲಗಿರಿಯಂಥ ಮರಗಳ ಮಕರಂದವೇ ಅವುಗಳಿಗೆ ಆ ಕಾಲದ ಆಧಾರವಾಗಿತ್ತು. ಕಾಡು ಕಡಿದಂತೆ ಆ ಆಧಾರ ಕುಸಿಯಿತು. ಮೊದಲು ಅಭಾವದ ವರ್ಷಗಳಲ್ಲಿ ಮಾತ್ರ ಸಣ್ಣ ಗುಂಪುಗಳಾಗಿ ಒಡೆದು ಹೊಲ, ಊರುಗಳ ಬಳಿ ತಂಗುತ್ತಿದ್ದ ಬಾವಲಿಗಳು ಕ್ರಮೇಣ ಅಲ್ಲೇ ನೆಲೆಯೂರಿದವು. ಅವು ತಂಗಿದ್ದೆಡೆ ಕುದುರೆಗಳು ಮೇಯುತ್ತಿದ್ದವು. 1994ರಲ್ಲಿ ಪತ್ತೆಯಾದ ಹೆಂಡ್ರಾ ವೈರಸ್ ಬಾವಲಿಗಳಿಂದ ಕುದುರೆಗಳಿಗೂ, ಕುದುರೆಗಳಿಂದ ಮನುಷ್ಯರಿಗೂ ದಾಟುತ್ತದೆ. 1996ರಿಂದ 2020ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧನೆಯೊಂದು 2022ರಲ್ಲಿ ಪ್ರಕಟವಾಯಿತು. ಉಳಿದ ಕಾಡಿನಲ್ಲಿ ಚಳಿಗಾಲದ ಹೂವು ಹೇರಳವಾಗಿ ಅರಳಿದಾಗ ಬಾವಲಿಗಳು ಹೊಲದ ಅಂಚನ್ನು ಬಿಟ್ಟು ಅಲ್ಲಿಗೆ ಹೋದವು, ಮತ್ತು ಅಂಥ ಚಳಿಗಾಲಗಳಲ್ಲಿ ಕುದುರೆಗಳಿಗೆ ಸೋಂಕು ದಾಟಲಿಲ್ಲ ಎಂಬುದನ್ನು ಅದು ತೋರಿಸಿದೆ.