ಬೇಳೆಯ ಹೊಲ, ಕಳೆಯ ಹೂವು

ಕೇಳುಗರಿಗೆ ನಮಸ್ಕಾರ.

ಹೊಲದಲ್ಲಿ ಕಳೆ ಎದ್ದರೆ ರೈತನಿಗೆ ತಲೆನೋವು. ಆದರೆ ಇಟಲಿಯಲ್ಲಿ ಒಂದು ಊರಿದೆ, ಅಲ್ಲಿ ಕಳೆ ನೋಡೋದಕ್ಕೆಂದೇ ಪ್ರತಿವರ್ಷ ಸಾವಿರಾರು ಜನ ಬರುತ್ತಾರೆ. ಊರಿನ ಹೆಸರು ಕಾಸ್ತೆಲ್ಲೂಚೊ. ದೇಶದ ನಡುಭಾಗದ ಉಂಬ್ರಿಯಾದಲ್ಲಿ, ನೋರ್ಚಾ ಪಟ್ಟಣಕ್ಕೆ ಸೇರಿದ ಪುಟ್ಟ ಹಳ್ಳಿ. ಸಿಬಿಲ್ಲಿನಿ ಬೆಟ್ಟಗಳ ನಡುವೆ, 1,452 ಮೀಟರ್ ಎತ್ತರದ ಗುಡ್ಡದ ನೆತ್ತಿಯಲ್ಲಿ ಕೂತಿದೆ.

ಗುಡ್ಡದ ಕೆಳಗೆ ಪಿಯಾನೊ ಗ್ರಾಂದೆ, ಅಂದರೆ ದೊಡ್ಡ ಬಯಲು. ಬಹಳ ಹಿಂದೆ ಇಲ್ಲಿ ಕೆರೆಯಿತ್ತು. ಸುತ್ತ ಬೆಟ್ಟ, ನೀರು ಹೊರಗೆ ಹರಿಯೋದಕ್ಕೆ ದಾರಿಯಿಲ್ಲ. ಅಡಿಯಲ್ಲಿ ಸುಣ್ಣಕಲ್ಲು ಇರೋದರಿಂದ, ಹಿಮ ಕರಗಿದ ನೀರು ನೆಲದ ಬಿರುಕುಗಳಲ್ಲೇ ಇಳಿದುಹೋಗುತ್ತದೆ. ಚಳಿಗಾಲದಲ್ಲಿ ಬಯಲಿಡೀ ಬೆಳ್ಳಗೆ.

ಅಂಥ ಜಾಗದಲ್ಲಿ ಏನು ಬೆಳೆದೀತು? ಚನ್ನಂಗಿ. ನಾವು ಮಸೂರ ಅನ್ನುತ್ತೇವಲ್ಲ, ಅದೇ ಜಾತಿ. ಹಿಮ ಕರಗಿ ಮಣ್ಣು ಕೈಗೆ ಬಂದ ಮೇಲೆ ಬಿತ್ತನೆ. ಜುಲೈ ಕೊನೆಗೋ ಆಗಸ್ಟಿನಲ್ಲೋ ಕೊಯ್ಲು. ಗಿಡ ತೀರಾ ಕುಳ್ಳು. ಮೊದಲೆಲ್ಲ ಕೈಯಲ್ಲೇ ಕೀಳಬೇಕಿತ್ತು, ಇಡೀ ದಿನ ಬಗ್ಗಿಕೊಂಡು. ಸುತ್ತಲ ಊರುಗಳಿಂದ ಹೆಂಗಸರು ಕೂಲಿಗೆ ಬರುತ್ತಿದ್ದರು. ಈಗ ಆ ಕೆಲಸ ಯಂತ್ರದ್ದು.

ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದರೆ ಎಲ್ಲ ಒಂದೇ ಬಣ್ಣವಲ್ಲ. ಒಂದು ಹಸಿರು, ಒಂದು ಹಳದಿ, ಒಂದು ಕಂದು, ಕೆಲವಕ್ಕೆ ಮೈಮೇಲೆ ಚುಕ್ಕೆ. ತೀರಾ ಸಣ್ಣ ಕಾಳು, ಸಿಪ್ಪೆ ತೆಳು. ನೆನೆಸೋದೇ ಬೇಡ, ಅರ್ಧ ಗಂಟೆಯೊಳಗೆ ಬೇಯುತ್ತದೆ. ಇನ್ನೊಂದು ಗುಣ ಕೇಳಿದರೆ ನಮ್ಮ ಅಡುಗೆಮನೆಯವರಿಗೆ ಹೊಟ್ಟೆಕಿಚ್ಚು ಆದೀತು. ಅಷ್ಟು ಎತ್ತರದ ಚಳಿಯಲ್ಲಿ ಕಾಳು ಕೊರೆಯುವ ಹುಳದ ಕಾಟವಿಲ್ಲ. ಹಾಗಾಗಿ ಅದಕ್ಕೆಂದು ಔಷಧಿ ಹಾಕೋ ಗೋಜೂ ಇಲ್ಲ. ಈ ಬೇಳೆಗೆ 1997ರಲ್ಲಿ ಯುರೋಪಿನ ಭೌಗೋಳಿಕ ಗುರುತು ಸಿಕ್ಕಿತು. ಬೆಲೆಯೂ ಜಾಸ್ತಿಯೇ.

ಕಳೆಯ ವಿಷಯಕ್ಕೆ ಬರೋಣ. ಕಳೆನಾಶಕ ಸುರಿಯದ ಹೊಲ ಅಂದಮೇಲೆ ಬೇಳೆಯ ಜೊತೆಗೆ ಕೆಂಪು ಗಸಗಸೆ ಜಾತಿಯ ಗಿಡ, ಹಳದಿ ಕಾಡುಸಾಸಿವೆ, ನೀಲಿ ಕಾರ್ನ್‌ಫ್ಲವರ್ ಎಲ್ಲ ಎದ್ದು ಬರುತ್ತವೆ. ಮೇ ಕೊನೆಯಿಂದ ಜುಲೈ ಮೊದಲ ವಾರಗಳವರೆಗೆ ಬಯಲಿನಲ್ಲಿ ಬಣ್ಣದ ಪಟ್ಟಿಗಳು. ಬೇಳೆಯ ಸ್ವಂತ ಹೂವು ಎಷ್ಟು ಚಿಕ್ಕದೆಂದರೆ, ಫೋಟೋ ತೆಗೆಯುವವರಿಗೆ ಅದು ಕಾಣುವುದೇ ಇಲ್ಲ. ಮಾಲೀಕ ಮೂಲೆಯಲ್ಲಿ, ನೆಂಟರು ಜಗಲಿಯಲ್ಲಿ!

ಇಲ್ಲಿ ಬಯಲಿಗಾಗಿ ಹೊಡೆದಾಟವೂ ಆಗಿದೆ. ಪಕ್ಕದ ಇನ್ನೊಂದು ಬಯಲಿನ ಹುಲ್ಲುಗಾವಲಿಗಾಗಿ 1522ರಲ್ಲಿ ನೋರ್ಚಾದವರಿಗೂ ವಿಸ್ಸೊ ಊರಿನವರಿಗೂ ಕಾಳಗ ನಡೆಯಿತು. ನೋರ್ಚಾ ಸೋತಿತು. ಆ ಜಾಗಕ್ಕೆ ಇವತ್ತಿಗೂ ಹೆಸರು ಪಿಯಾನ್ ಪೆರ್ದೂತೊ, ಕಳೆದುಕೊಂಡ ಬಯಲು. ಎದುರಿಗೆ ನಿಂತಿರೋದು 2,476 ಮೀಟರ್ ಎತ್ತರದ ವೆತ್ತೋರೆ ಬೆಟ್ಟ. ಅದರ ಮಡಿಲಲ್ಲಿ ಪಿಲಾತನ ಸರೋವರ. ಯೇಸುವಿಗೆ ಶಿಲುಬೆಯ ಶಿಕ್ಷೆ ಕೊಟ್ಟ ಪಿಲಾತನ ಹೆಣವನ್ನು ಎತ್ತುಗಳು ಎಳೆದು ತಂದು ಇಲ್ಲಿ ಮುಳುಗಿಸಿದವು ಅಂತ ಕಥೆ. ಇನ್ನೊಂದು ಗುಡ್ಡದ ಮೈಮೇಲೆ ಇಟಲಿ ನಕಾಶೆಯ ಆಕಾರದಲ್ಲಿ ಬೆಳೆಸಿದ ಮರಗಳ ತೋಪಿದೆ. ದೇಶ ಒಂದಾಗಿ 100 ವರ್ಷ ತುಂಬಿದ ನೆನಪಿಗೆ 1961ರಲ್ಲಿ ನೆಟ್ಟದ್ದು. ನನಗೇನೋ ಅದು ಸ್ವಲ್ಪ ಅತಿಯಾಯಿತು ಅನ್ನಿಸುತ್ತದೆ. ಬಯಲೇ ಅಷ್ಟು ಚೆಂದ ಇರುವಾಗ ನಕಾಶೆ ಯಾಕೆ, ಅಲ್ವಾ?

2016ರ ಅಕ್ಟೋಬರ್ 30, ಭಾನುವಾರ ಬೆಳಿಗ್ಗೆ 7.40. ಭೂಮಿ ನಡುಗಿತು. ತೀವ್ರತೆ 6.5. ಇಟಲಿಯಲ್ಲಿ 1980ರ ನಂತರ ಅಷ್ಟು ದೊಡ್ಡ ಭೂಕಂಪ ಆಗಿರಲಿಲ್ಲ. ನೋರ್ಚಾದಲ್ಲಿ ಸಂತ ಬೆನೆಡಿಕ್ಟನ ಹೆಸರಿನ ಚರ್ಚು ಕುಸಿದು ಎದುರಿನ ಗೋಡೆ ಮಾತ್ರ ಉಳಿಯಿತು. ಕಾಸ್ತೆಲ್ಲೂಚೊದ ಹೆಚ್ಚಿನ ಮನೆಗಳು ಕಲ್ಲಿನ ರಾಶಿಯಾದವು. ಹಳೆಯ ಚರ್ಚೂ ಹೋಯಿತು. ವೆತ್ತೋರೆಯ ಮೈಮೇಲೆ ನೆಲ ಜಾರಿ, ಉದ್ದಕ್ಕೂ ಬಿಳಿ ಗೆರೆ ಎಳೆದಂತೆ ಬಂಡೆ ಹೊರಗೆ ಬಂತು. ಕೆಲವು ಕಡೆ ನೆಲ ಸುಮಾರು 2 ಮೀಟರ್ ಕೆಳಗಿಳಿದಿತ್ತು. ಅದಕ್ಕೂ ಮೊದಲು, ಅದೇ ವರ್ಷದ ಆಗಸ್ಟ್ 24ರ ಭೂಕಂಪದಲ್ಲಿ ಅಮಾತ್ರಿಚೆ ಊರಿನ ಕಡೆ ಸುಮಾರು 300 ಜನ ಸತ್ತಿದ್ದರು. ಆಮೇಲೆ ಈ ಭಾಗದ ಬಹುಪಾಲು ಜನ ಮನೆ ಬಿಟ್ಟಿದ್ದರು. ಅದರಿಂದ ಅಕ್ಟೋಬರಿನಲ್ಲಿ ಮನೆ ಬಿದ್ದು ಯಾರೂ ಸಾಯಲಿಲ್ಲ.

ಆದರೆ ಬೇಳೆ ಬಿತ್ತಬೇಕಲ್ಲ! ನೋರ್ಚಾದಿಂದ ಬರುವ ರಸ್ತೆ ಮುರಿದು ಮುಚ್ಚಿತ್ತು. ಮನೆಯಿಲ್ಲ, ಕೊಟ್ಟಿಗೆಯಿಲ್ಲ. ಆದರೂ 2017ರ ವಸಂತದಲ್ಲಿ ರೈತರು ವಿಶೇಷ ಅನುಮತಿ ಪಡೆದು, ಟ್ರಾಕ್ಟರುಗಳನ್ನು ಸಾಲಾಗಿ ಬೆಟ್ಟ ಹತ್ತಿಸಿದರು. ಸರ್ಕಾರ ಮನೆ ಕಟ್ಟಿಕೊಡಲಿ, ಆಮೇಲೆ ನೋಡೋಣ ಅಂತ ಸುಮ್ನೆ ಕೂರಲಿಲ್ಲ. ಆ ಬೇಸಿಗೆಯೂ ಬಯಲಿನಲ್ಲಿ ಹೂವು ಬಂತು. ಮನೆ ಕಟ್ಟುವ ಕೆಲಸ ಮಾತ್ರ ವರ್ಷಗಟ್ಟಲೆ ಎಳೆಯಿತು. ಬೇಳೆಯ ವೇಗ ಕಡತಕ್ಕೆ ಎಲ್ಲಿ ಬರಬೇಕು!

ಅಲ್ಲಿನವರು ಈ ಬೇಳೆಯನ್ನು ಬೆಳ್ಳುಳ್ಳಿ, ಸೆಲರಿ ಹಾಕಿ ಬೇಯಿಸಿ, ಮೇಲೆ ಆಲಿವ್ ಎಣ್ಣೆ ಸುರಿದು, ಸುಟ್ಟ ಬ್ರೆಡ್ಡಿನ ಜೊತೆ ತಿನ್ನುತ್ತಾರೆ. ಹಂದಿಮಾಂಸದ ಸಾಸೇಜೂ ಜೊತೆಗಿರುತ್ತದೆ. ಅದರಲ್ಲಿ ನೋರ್ಚಾದವರು ಎತ್ತಿದ ಕೈ. ಹೊಸ ವರ್ಷದ ರಾತ್ರಿ ಇಟಲಿಯ ಮನೆಗಳಲ್ಲಿ ಬೇಳೆ ತಿನ್ನಲೇಬೇಕು. ಕಾಳು ನಾಣ್ಯದ ಹಾಗೆ ದುಂಡಗಿದೆ, ತಿಂದಷ್ಟೂ ದುಡ್ಡು ಬರುತ್ತದೆ ಅನ್ನೋ ನಂಬಿಕೆ.

ನೀವೇನಾದರೂ ಹೂವಿನ ಕಾಲದಲ್ಲಿ ಅತ್ತ ಹೋದರೆ ಕಾಲುದಾರಿ ಬಿಟ್ಟು ಹೊಲಕ್ಕೆ ಇಳಿಯಬೇಡಿ. ಫೋಟೋಗೆ ನಿಂತವರ ಕಾಲಡಿ ಸಿಕ್ಕುವುದು ಬರೀ ಕಳೆಯಲ್ಲ, ಒಬ್ಬರ ವರ್ಷದ ದುಡಿಮೆ. ಹೂವಿನ ದಿನ ಹಿಂದೆಮುಂದೆ ಆಗುತ್ತಿರುತ್ತದೆ, ಹಿಮ ಎಷ್ಟು ಬಿತ್ತು ಅನ್ನೋದರ ಮೇಲೆ. ಆಗಸ್ಟಿನಲ್ಲಿ ಹೋದರೆ ಬಣ್ಣವೆಲ್ಲ ಮುಗಿದು ಒಣಗಿಡ, ಧೂಳು, ಟ್ರಾಕ್ಟರಿನ ಸದ್ದು ಅಷ್ಟೇ. ಆದರೆ ಹೊಸ ಬೇಳೆ ಸಿಗೋದು ಆಗಲೇ. ಚೀಲ ತೆಗೆದುಕೊಂಡು ಹೋಗಿ.

ನಮಸ್ಕಾರ.